ಉಗುರುಬಣ್ಣದ ಗುರುತು

ಅತ್ತಿಗೆ ಮಗುಚಿಟ್ಟ ಪ್ಲಾಸ್ಟಿಕ್ ಬುಟ್ಟಿಯ ಮೇಲೆ ಕೂತು ಆಕಳಿಸುತ್ತಿದ್ದಳು. ಒಂದು ಆಕಳಿಕೆ ಮುಗಿಯುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಹಿಂದಿನ ದಿನವೆಲ್ಲ ಕ್ಲಿನಿಕ್ಕಿನ ಹಾಸಿಗೆ ಬಟ್ಟೆ ಒಗೆದು, ಇವತ್ತು ಭಾನುವಾರ ಎನ್ನುವುದನ್ನೂ ಮರೆತು ಬೆಳಗಿನಿಂದ ಇಸ್ತ್ರಿ ಹಾಕಿ, ಮಡಚಿ, ಗಂಟು ಕಟ್ಟಿಟ್ಟು ಬಂದಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಲಾಂಡ್ರಿ. ಅಲ್ಲಿ ಈಗ ಕಾಲಿಡಲು ಜಾಗವಿಲ್ಲದಂತೆ ಬಿಳಿ ಗಂಟುಗಳು ಗೋಡೆಗೆ ಒರಗಿ ಕೂತಿದ್ದವು. ನಾಳೆ ಬೆಳಿಗ್ಗೆ ಹಾಸಿಗೆ ಬದಲಿಸುವ ಹೊತ್ತಿಗೆ ಅವು ಕ್ಲಿನಿಕ್ ತಲುಪಬೇಕು. ತಲುಪಿಸಬೇಕಾದ ಕಾರು ಮಾತ್ರ ಇಲ್ಲಿ, ಮೈದುನನ ರಿಪೇರಿ ಶೆಡ್ಡಿನಲ್ಲಿ, ಬಾನೆಟ್ ತೆರೆದುಕೊಂಡು, ಮುಂದಿನ ಒಂದು ಚಕ್ರ ಕಳಚಿಕೊಂಡು ಜ್ಯಾಕಿನ ಮೇಲೆ ನಿಂತಿತ್ತು.

ಆ ಕಾರಿಗೆ ಮನೆಯವರೆಲ್ಲ ಆಮೆ ಎನ್ನುತ್ತಿದ್ದರು. ಚಿಕ್ಕದು, ಗುಂಡಗಿನದು, ಬಣ್ಣ ಯಾವುದೆಂದು ಒಬ್ಬೊಬ್ಬರು ಒಂದೊಂದು ಹೇಳುವಷ್ಟು ಹಳೆಯದು. ಹಿಂದಿನ ಸೀಟು ಕಿತ್ತುಹಾಕಿದ ಮೇಲೆ ಅದರ ಹೊಟ್ಟೆಯಲ್ಲಿ ಎಷ್ಟು ಗಂಟು ಬೇಕಾದರೂ ಹಿಡಿಸುತ್ತಿತ್ತು. ಹೋದ ತಿಂಗಳು ಅದು ನಡುದಾರಿಯಲ್ಲಿ ಹೊಗೆಯಾಡಿ ಕೈಕೊಟ್ಟಿತ್ತು. ಅವಳು ಗಂಟುಗಳನ್ನು ಹೊತ್ತು ಬೆವರು ಸುರಿಸಿಕೊಂಡು ಕ್ಲಿನಿಕ್ ಮುಟ್ಟಿದಾಗ ಹಿರಿಯ ನರ್ಸು ಬಾಗಿಲಲ್ಲೇ ನಿಂತಿದ್ದರು.

"ನೋಡಮ್ಮ, ನಿನ್ನ ಕೆಲಸದ ಮೇಲೆ ನಂದೇನೂ ದೂರಿಲ್ಲ. ಆದ್ರೆ ರೋಗಿಗಳನ್ನ ಬರೀ ರೆಕ್ಸಿನ್ ಮೇಲೆ ಮಲಗಿಸೋಕಾಗತ್ತಾ? ಇನ್ನೊಂದು ಸಲ ಹೀಗಾದ್ರೆ ದೊಡ್ಡ ಲಾಂಡ್ರಿಯವರಿಗೆ ಕೊಟ್ಟುಬಿಡ್ತೀನಿ. ಅವರ ಹತ್ರ ವ್ಯಾನ್ ಇದೆ."

ಗದರಿಸಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ನರ್ಸು ಮೆಲ್ಲಗೆ ಹೇಳಿದ್ದರು. ಮೆಲ್ಲಗೆ ಹೇಳುವವರು ಹೇಳಿದಂತೆ ಮಾಡಿಬಿಡುತ್ತಾರೆ. ಕ್ಲಿನಿಕ್ಕಿನ ಕೆಲಸ ಹೋದರೆ ಉಳಿಯುವುದು ಓಣಿಯ ನಾಲ್ಕಾರು ಮನೆಗಳ ಪರದೆ, ಟೈರಿನ ಅಂಗಡಿಯವನ ಅಂಗಿ. ಅಷ್ಟಕ್ಕೆ ಲಾಂಡ್ರಿ ಅನ್ನುವ ಹೆಸರು ಬೇಡ.

ಬೆಲ್ಟಿನ ಸುದ್ದಿ ತೆಗೆದವನು ಮೈದುನ. ಆಮೆಯ ಹೊಗೆ ನಿಲ್ಲಿಸಿಕೊಟ್ಟ ದಿನವೇ ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ಇಣುಕಿ, ನಾಲಿಗೆಯಲ್ಲಿ ಲೊಚಗುಟ್ಟಿದ್ದ.

"ಟೈಮಿಂಗ್ ಬೆಲ್ಟಿನ ಅಂಚು ನೂಲು ಬಿಟ್ಟಿದೆ ಅತ್ತಿಗೆ. ಇಂಜಿನ್ ಮೇಲ್ಗಡೆ ವಾಲ್ವ್ ಇರತ್ತೆ, ಕೆಳಗಡೆ ಪಿಸ್ಟನ್ ಇರತ್ತೆ. ಇದು ಕೆಳಗೆ ಹೋದಾಗ ಅದು ಬರ್ಬೇಕು, ಅದು ಬಂದಾಗ ಇದು ದಾರಿ ಬಿಡ್ಬೇಕು. ಎರಡನ್ನೂ ಕಟ್ಟಿಹಾಕಿ ಕುಣಿಸೋದು ಈ ಹಲ್ಲಿನ ಬೆಲ್ಟು. ಇದು ಕಿತ್ತುಹೋಯ್ತು ಅಂತಿಟ್ಕೊಳ್ಳಿ, ಎರಡೂ ಮುಖಾಮುಖಿ ಗುದ್ದಾಡ್ತವೆ. ಆಮೇಲೆ ಆಮೆನ ತೂಕಕ್ಕೆ ಹಾಕೋದೇ."

"ದಾರಿ ಬಿಡದೆ ಗುದ್ದಾಡೋದಾ?" ಎಂದಿದ್ದಳು ಅತ್ತಿಗೆ. "ನಮ್ಮ ಮನೇಲಿ ಇಲ್ಲದ್ದೇನಲ್ಲ ಬಿಡು."

ಮೈದುನ ಮುಖ ಆಚೆ ತಿರುಗಿಸಿಕೊಂಡಿದ್ದ.

ಈ ಶೆಡ್ಡು ಒಂದು ಕಾಲಕ್ಕೆ ಅಣ್ಣತಮ್ಮ ಇಬ್ಬರದೂ ಆಗಿತ್ತು. ಗೋಡೆಯ ಮೊಳೆಗಳಲ್ಲಿ ಎರಡು ಮೇಲಂಗಿ ತೂಗುತ್ತಿದ್ದವು. ಈಗ ಒಂದು ಮೊಳೆ ಬರಿದು. ಜಗಳ ದೊಡ್ಡದೇನಲ್ಲ. ತಮ್ಮ ಯಾರದೋ ಕಾರಿಗೆ ಹೊಸ ಬೆಲ್ಟ್ ಹಾಕಿ, ಬೋಲ್ಟ್ ಬಿಗಿದು, ಕೈ ಒರೆಸಿಕೊಳ್ಳುತ್ತಿದ್ದ. ಕಾರಿನವನು ಪಕ್ಕದಲ್ಲೇ ನಿಂತಿದ್ದ. ಅಣ್ಣ ಬಂದವನೇ ಒಂದು ಮಾತೂ ಆಡದೆ ಸ್ಪ್ಯಾನರ್ ತೆಗೆದುಕೊಂಡು ಅವನು ಬಿಗಿದ ಬೋಲ್ಟನ್ನೆಲ್ಲ ಬಿಚ್ಚಿದ. ನೋಡಿದ. ಮತ್ತೆ ಇದ್ದ ಹಾಗೆಯೇ ಬಿಗಿದ. ತಪ್ಪೇನೂ ಇರಲಿಲ್ಲ. ತಪ್ಪಿದ್ದಿದ್ದರೆ ತಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೋ ಏನೋ. ಏನೂ ಇಲ್ಲದೆ, ಅದೂ ಹೊರಗಿನವನ ಎದುರಿಗೆ ಬಿಚ್ಚಿದ್ದು ಅವನಿಗೆ ಮೈಮೇಲಿನ ಬಟ್ಟೆ ಬಿಚ್ಚಿದ ಹಾಗಾಯಿತು. "ನಾಳೆಯಿಂದ ಎಲ್ಲಾ ನೀನೇ ಬಿಚ್ಕೋ" ಎಂದ. "ಬೇಡಪ್ಪಾ, ನೀನೇ ಇಟ್ಕೋ" ಎಂದು ಅಣ್ಣ ಸ್ಪ್ಯಾನರನ್ನು ತಟ್ಟೆಗೆ ಎಸೆದು ಹೊರಟುಬಂದ. ಬಂದವನು ಊರಾಚೆಯ ಶೀತಗೋದಾಮಿನಲ್ಲಿ ರಾತ್ರಿ ಕಾವಲಿಗೆ ಸೇರಿದ. ಹಗಲೆಲ್ಲ ನಿದ್ದೆ. ಇಸ್ತ್ರಿಗೆ ಬಟ್ಟೆ ತರುವ ಹೆಂಗಸರು ಒಳಗಿನ ಗೊರಕೆ ಕೇಳಿ "ಗೂಬೆ ಭಾವ ಮಲಗಿದಾರಾ?" ಎಂದು ನಗುತ್ತಿದ್ದರು.

ಅಂದಿನಿಂದ ಅಣ್ಣತಮ್ಮಂದಿರ ಮಾತೆಲ್ಲ ಅತ್ತಿಗೆಯ ಬಾಯಿಂದಲೇ ಹೋಗಿಬರಬೇಕಾಯಿತು. ಗಂಡ, "ಆ ಕತ್ತೆನ ಕೇಳು, ಅಮ್ಮನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸೋಕಾಗತ್ತಾ ಇಲ್ವಾ ಅಂತ" ಎನ್ನುವನು. ಇವಳು ಫೋನಿನಲ್ಲಿ, "ನಿಮ್ಮಣ್ಣ ಕೇಳ್ತಿದ್ರು, ಅಮ್ಮನ ಕಣ್ಣು ಹೇಗಿದೆ ಅಂತ," ಎನ್ನುವಳು. ಆ ಕಡೆಯಿಂದ, "ಅಷ್ಟು ಕಾಳಜಿ ಇದ್ರೆ ಬಂದು ನೋಡೋಕೆ ಅವನ ಕಾಲಿಗೇನು ಬಂದಿದೆ?" ಇವಳು ಗಂಡನಿಗೆ, "ನಿಮ್ಮನ್ನ ನೋಡಿ ತುಂಬಾ ದಿನ ಆಯ್ತಂತೆ." ಹೀಗೆ ಬಂದ ಮಾತಿನ ಕೊಳೆ ತೆಗೆದು, ಮಡಚಿ, ಈಚೆಯವರದನ್ನು ಆಚೆಯವರಿಗೆ ಮುಟ್ಟಿಸಿ ಮುಟ್ಟಿಸಿ ಅವಳಿಗೆ ಸಾಕುಸಾಕಾಗಿತ್ತು. ಬಟ್ಟೆಗಾದರೂ ಸೋಪಿದೆ. ಬಟ್ಟೆಯಾದರೂ ವಾರಕ್ಕೊಮ್ಮೆ ಬರುತ್ತದೆ.

ಈಗ ಮೈದುನ ಹಳೆಯ ಬೆಲ್ಟನ್ನು ಕಳಚಿ ನೆಲಕ್ಕೆ ಹಾಕಿದ್ದ. ಅದು ಸತ್ತ ಹಾವಿನ ಹಾಗೆ ಬಿದ್ದಿತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಗಾಲಿಯೊಂದನ್ನು ಅವನು ಬೆರಳಲ್ಲಿ ತಿರುಗಿಸಿ ಕಿವಿಗೊಟ್ಟು ಕೇಳಿದ. ಗರಗರ ಸದ್ದು.

"ಟೆನ್ಷನರ್ರೂ ಹೋಗಿದೆ. ಅಂಗಡಿಯವನು ಇವತ್ತು ಬಾಗಿಲು ತೆಗೆಯಲ್ಲ, ಮನೆಗೇ ಹೋಗಿ ಕಾಲು ಹಿಡೀಬೇಕು. ಅಷ್ಟರಲ್ಲಿ ಈ ಮುಚ್ಚಳ ಒಂಚೂರು ಒರೆಸಿಡ್ತೀರಾ ಅತ್ತಿಗೆ? ಮಣ್ಣೆಲ್ಲ ಒಳಗೆ ಹೋಗತ್ತೆ."

ಅವನು ಬೈಕ್ ಹತ್ತಿ ಹೋದ. ಅವಳು ಮುಚ್ಚಳ ಒರೆಸಿದಳು. ಒರೆಸುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ನಿದ್ದೆಗಣ್ಣಿನಲ್ಲೂ ಕೈ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮುಚ್ಚಳ ಮುಗಿದ ಮೇಲೆ ಕೈಗೆ ಕೆಲಸ ಸಾಲಲಿಲ್ಲ. ಕಣ್ಣು ಇಂಜಿನ್ನಿನ ಪಕ್ಕದಲ್ಲಿದ್ದ ಹಲ್ಲಿನ ಚಕ್ರದ ಮೇಲೆ ಬಿತ್ತು. ವಾಲ್ವುಗಳನ್ನು ಆಡಿಸುವ ಅದಕ್ಕೆ ಮೈದುನ ಪುಲ್ಲಿ ಎನ್ನುತ್ತಿದ್ದ. ಊಟದ ತಟ್ಟೆಗಿಂತ ಚಿಕ್ಕದು, ಮೈತುಂಬ ಎಣ್ಣೆ ಕುಡಿದ ಧೂಳು. ಅದರ ಅಂಚಿನಲ್ಲಿ ಕಪ್ಪಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಕಲೆ.

ಕಲೆ ಕಂಡರೆ ಅವಳಿಂದ ಸುಮ್ಮನಿರಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಕಾಲರಿನ ಕಲೆಯನ್ನೂ ನೋಡಿ ಇದಕ್ಕೆ ಇಂಥದ್ದು ಹಾಕಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವಳು. ಚೀಲದಲ್ಲಿ ಯಾವಾಗಲೂ ಇರುವ ಚಿಕ್ಕ ಸೀಸೆ ತೆಗೆದು, ಅದರ ಕಟುವಾಸನೆಯ ನೀರನ್ನು ಬಟ್ಟೆಗೆ ಮುಟ್ಟಿಸಿ, ಒತ್ತಿ ಹಿಡಿದಳು. ಉಜ್ಜಬಾರದು, ಒತ್ತಬೇಕು, ಕಲೆ ತಾನಾಗಿ ಬಟ್ಟೆಗೆ ಬರಬೇಕು. ಬಂತು. ಮೊದಲು ಕಪ್ಪು. ಆಮೇಲೆ ಬಟ್ಟೆಯ ಮೇಲೆ ಕೆಂಪು ಅರಳಿತು. ಅದು ಹರಡಿದ ರೀತಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು. ಉಗುರುಬಣ್ಣ. ಇಂಜಿನ್ನಿಗೆ ಯಾರಪ್ಪ ಉಗುರುಬಣ್ಣ ಹಚ್ಚಿದವರು ಎಂದುಕೊಳ್ಳುತ್ತಲೇ ಉಳಿದ ಚೂರನ್ನೂ ತೆಗೆಯಲು ಬೆರಳು ಸ್ವಲ್ಪ ಗಟ್ಟಿಯಾಗಿ ಊರಿದಳು. ಪುಲ್ಲಿ ಅವಳ ಕೈಕೆಳಗೆ, ನಿದ್ದೆಯಲ್ಲಿ ಒದೆಯುವ ದನದ ಹಾಗೆ, ಟಕ್ಕೆಂದು ಜಿಗಿದು ತಿರುಗಿಬಿಟ್ಟಿತು.

ಕೈ ತೆಗೆದಳು. ಏನಾಯಿತೆಂದು ಗೊತ್ತಾಗದಿದ್ದರೂ ಏನೋ ಆಯಿತೆಂದು ಗೊತ್ತಾಯಿತು.

ಮತ್ತೆ ಬುಟ್ಟಿಯ ಮೇಲೆ ಕೂತಾಗ ನೆನಪಾಯಿತು. ಅವಳಿಗೂ ಒಂದು ಉಗುರುಬಣ್ಣದ ಸೀಸೆ ಇತ್ತು. ತಂಗಿ ಕೊಟ್ಟಿದ್ದು. ದಿನವಿಡೀ ನೀರಿನಲ್ಲಿರುವ ಕೈಗೆ ಅದೆಲ್ಲಿ ನಿಲ್ಲುತ್ತದೆ, ಒಮ್ಮೆ ಹಚ್ಚಿ ಇಟ್ಟುಬಿಟ್ಟಿದ್ದಳು. ಒಂದು ದಿನ ಗಂಡ ಅದನ್ನು ಕಪಾಟಿನಿಂದ ತೆಗೆದುಕೊಂಡು ಹೊರಟಿದ್ದ. "ಏನ್ರೀ, ನೀವು ಹಚ್ಕೊಳ್ಳೋಕಾ?" ಎಂದು ನಕ್ಕಿದ್ದಳು. "ಆಮೆಗೆ" ಎಂದಿದ್ದ. ತಮಾಷೆ ಎಂದುಕೊಂಡಿದ್ದಳು.

ಮೈದುನ ಹೊಸ ಟೆನ್ಷನರ್ ಹಿಡಿದು ಬಂದ. ಬಂದವನು ಪುಲ್ಲಿ ನೋಡಿದ, ಅವಳ ಕೈಯ ಬಟ್ಟೆ ನೋಡಿದ, ಗರಬಡಿದವನ ಹಾಗೆ ನಿಂತ.

"ಒರೆಸಿದ್ರಾ?"

"ಮುಚ್ಚಳ ಒರೆಸಿ ಅಂದೆಯಲ್ಲ…"

"ಮುಚ್ಚಳ ಅಂದೆ!"

"ಮುಗೀತು. ಆಮೇಲೆ ಇದು ಕಾಣಿಸ್ತು. ಮುಟ್ಟಬೇಡಿ ಅಂತ ಒಂದು ಮಾತು ಹೇಳಿದ್ದಿದ್ರೆ ಮುಟ್ತಿರಲಿಲ್ಲ ಮಾರಾಯ."

"ಬಿಚ್ಚಿಟ್ಟ ಇಂಜಿನ್ ಮುಟ್ಟಬೇಡಿ ಅಂತ ಯಾರಾದ್ರೂ ಹೇಳ್ತಾರಾ ಅತ್ತಿಗೆ?" ಅವನು ತಲೆಯ ಮೇಲೆ ಕೈಹೊತ್ತು ಕುಕ್ಕರಗಾಲಲ್ಲಿ ಕೂತ. ಮೊದಲೇ ವಾರವೆಲ್ಲ ದುಡಿದು ಹಣ್ಣಾಗಿದ್ದ. ಕೋಪ ಮಾಡಿಕೊಳ್ಳುವುದಕ್ಕೂ ಅವನಲ್ಲಿ ಕಸುವು ಉಳಿದಿರಲಿಲ್ಲ. ದಣಿದ ದನಿಯಲ್ಲೇ ವಿವರಿಸಿದ.

ಈ ಪುಲ್ಲಿ ಆಮೆಯದಲ್ಲ. ಆಮೆಯದಕ್ಕೆ ಹಲ್ಲು ಮುರಿದಾಗ ಅಣ್ಣ ಗುಜರಿಯಿಂದ ಬೇರೊಂದು ಕಾರಿನದನ್ನು ತಂದು ಕೂರಿಸಿದ್ದ. ಅಳತೆ ಒಂದೇ, ಆದರೆ ಕಂಪನಿ ಕೊರೆದ ಚುಕ್ಕಿ ಇರುವ ಜಾಗ ಬೇರೆ. ಆ ಚುಕ್ಕಿ ನಂಬಿದರೆ ಕೆಟ್ಟಂತೆ. ಅದಕ್ಕೇ ಅಣ್ಣ ತಾನೇ ಅಳೆದು, ಸರಿಯಾದ ಜಾಗಕ್ಕೆ ಕೆಂಪು ಹಚ್ಚಿದ್ದ. ಬೆಲ್ಟ್ ಬಿಚ್ಚುವ ಮೊದಲು ಮೈದುನ ಆ ಕೆಂಪನ್ನು ಇಂಜಿನ್ನಿನ ಗೀರಿನ ಎದುರಿಗೆ ತಂದು ನಿಲ್ಲಿಸಿದ್ದ. ಈಗ ಕೆಂಪೂ ಇಲ್ಲ, ನಿಂತದ್ದೂ ನಿಂತಲ್ಲಿಲ್ಲ.

"ನೀನು ನೋಡಿದ್ದೆಯಲ್ಲ. ಎಲ್ಲಿತ್ತು ಅಂತ ಗೊತ್ತಿಲ್ವಾ?"

"ಗೊತ್ತು. ಹೆಚ್ಚುಕಮ್ಮಿ. ಹೆಚ್ಚುಕಮ್ಮಿ ಅನ್ನೋದು ಇಲ್ಲಿ ನಡೆಯಲ್ಲ. ಒಂದು ಹಲ್ಲು ಆಚೀಚೆ ಆದ್ರೆ ಗಾಡಿ ಏದುಸಿರು ಬಿಡತ್ತೆ, ದಿಬ್ಬ ಹತ್ತಲ್ಲ. ಎರಡು ಹಲ್ಲು ಆದ್ರೆ ಕೀಲಿ ತಿರುಗಿಸಿದ ಕೂಡಲೇ ಹರಹರಾ."

"ಮೇಲಿನ ಮುಚ್ಚಳ ಬಿಚ್ಚಿ ನೋಡೋಕಾಗಲ್ವಾ?"

"ಬಿಚ್ಚಿದ್ರೆ ಎಣ್ಣೆ ಸೋರದ ಹಾಗೆ ಅಡಿಗೆ ಕೂರಿಸಿರೋ ಗ್ಯಾಸ್ಕೆಟ್ ಹರಿಯತ್ತೆ, ಹೊಸದು ಬೇಕಾಗತ್ತೆ. ಈಗತಾನೇ ಆ ಪುಣ್ಯಾತ್ಮನನ್ನ ನಿದ್ದೆಯಿಂದ ಎಬ್ಬಿಸಿ ಬಂದಿದೀನಿ, ಇನ್ನೊಂದು ಸಲ ಹೋದ್ರೆ ನಾಯಿ ಬಿಡ್ತಾನೆ." ಅವನು ಪಿಸ್ಟನ್ನುಗಳನ್ನು ಆಡಿಸುವ ಕೆಳಗಿನ ದಂಡ, ಕ್ರ್ಯಾಂಕನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಅವುಗಳನ್ನು ವಾಲ್ವಿನ ದಾರಿಯಿಂದ ಸರಿಸಿಟ್ಟ. ಎದ್ದು ನಿಂತು ಅವಳನ್ನೇ ನೋಡಿದ. "ಒಂದು ಮಾತು ಕೇಳ್ಲಾ? ಬೇಕಂತಲೇ ಒರೆಸಿದ್ರಾ?"

"ಯಾಕೆ?"

"ಅವನನ್ನ ಇಲ್ಲಿಗೆ ಕರೆಸೋಕೆ."

ಅತ್ತಿಗೆಗೆ ನಗು ಬಂತು. ನಗುವಿನ ಜೊತೆಯಲ್ಲೇ ಆಕಳಿಕೆಯೂ ಬಂತು. "ಅಷ್ಟು ಬುದ್ಧಿ ಇದ್ದಿದ್ರೆ ನಿಮ್ಮಿಬ್ಬರ ನಡುವೆ ಸಿಕ್ಕಿ ಹಿಂಡಿಸ್ಕೊಳ್ತಿದ್ನಾ ನಾನು?"

ಬೇರೆ ದಾರಿ ಇರಲಿಲ್ಲ. ಅವಳು ಫೋನ್ ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಗಂಡನ ದನಿ ಗುಹೆಯೊಳಗಿಂದ ಬಂತು. "ಹೂಂ?"

"ರೀ, ಪುಲ್ಲಿ ಮೇಲೆ ನೀವು ಕೆಂಪು ಗುರುತು ಹಚ್ಚಿದ್ರಲ್ಲ, ಅದು ಅಳಿಸಿಹೋಗಿದೆ. ಎಲ್ಲಿತ್ತು ಅಂತ ಕೇಳ್ತಿದಾನೆ."

"ಅಳಿಸಿದ್ದು ಯಾರು, ಅವನಾ?"

"ನಾನು."

ಮತ್ತೆ ನಿದ್ದೆ ಹೋದನೋ ಎನ್ನುವಷ್ಟರಲ್ಲಿ, "ಬಾಯಲ್ಲಿ ಹೇಗೆ ಹೇಳೋದು ಅದನ್ನ? ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಟಬೇಡ ಅನ್ನು ಆ ಅಧಿಕಪ್ರಸಂಗಿಗೆ."

"ಏನಂದ?" ಎಂದ ಮೈದುನ.

"ಬರ್ತಾರಂತೆ. ಅಲ್ಲೀವರೆಗೂ ಒಂಚೂರು ದಣಿವಾರಿಸ್ಕೋ ಅಂದ್ರು."

"ಫೋನು ಸ್ಪೀಕರಲ್ಲಿತ್ತು ಅತ್ತಿಗೆ."

ಗಂಡ ಬಂದಾಗ ಮನೆಯ ಚಪ್ಪಲಿಯಲ್ಲೇ ಇದ್ದ, ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ. ಬರಿದಾದ ಮೊಳೆಯ ಮೇಲೆ ಕಣ್ಣು ಒಂದು ಕ್ಷಣ ನಿಂತು ಮುಂದೆ ಹೋಯಿತು. ಕಾರಿನ ಆ ಬದಿಗೆ ತಮ್ಮ, ಈ ಬದಿಗೆ ಅಣ್ಣ, ನಡುವೆ ಬಾಯ್ತೆರೆದ ಆಮೆ. ಕೈ ಚಾಚಿದರೆ ಒಬ್ಬರ ಮೂಗು ಇನ್ನೊಬ್ಬರಿಗೆ ಸಿಗುವಷ್ಟು ಹತ್ತಿರ.

"ಕ್ರ್ಯಾಂಕ್ ಹಿಂದಕ್ಕೆ ಸರಿಸಿದಾನಾ ಕೇಳು," ಎಂದ ಗಂಡ ಹೆಂಡತಿಗೆ.

"ಸರಿಸಿದೀನಿ ಅಂತ ಹೇಳಿ ಅತ್ತಿಗೆ. ನಾನೇನು ನಿನ್ನೆ ಮೊನ್ನೆ ಹುಟ್ಟಿದವನಲ್ಲ."

"ಎಷ್ಟು ಸರಿಸಿದಾನೆ ಕೇಳು."

"ಎಷ್ಟು ಬೇಕೋ ಅಷ್ಟು ಅಂತ ಹೇಳಿ."

ಅತ್ತಿಗೆ ಇಬ್ಬರನ್ನೂ ನೋಡಿದಳು. ಬೇರೆ ದಿನವಾಗಿದ್ದರೆ ಇದಕ್ಕೂ ಅದಕ್ಕೂ ಸೇತುವೆ ಕಟ್ಟುತ್ತಿದ್ದಳು. ಇವತ್ತು ಬೆನ್ನು ಕಟ್ಟಿಗೆಯಾಗಿತ್ತು, ಇಸ್ತ್ರಿ ಹಿಡಿದು ಮಣಿಕಟ್ಟು ಉರಿಯುತ್ತಿತ್ತು, ನಾಳೆಯ ಗಂಟುಗಳು ಕಣ್ಣ ಮುಂದೆ ಕೂತಿದ್ದವು.

"ಇಬ್ಬರಿಗೂ ಕಿವಿ ಇದೆ," ಎಂದಳು. "ನಂಗೆ ಸಾಕಾಗಿದೆ. ಟೀ ತರ್ತೀನಿ. ಬರೋದ್ರೊಳಗೆ ಹೊಡೆದಾಡಿಕೊಂಡಾದ್ರೂ ಸರಿ, ಗುರುತು ಎಲ್ಲಿತ್ತು ಅಂತ ಹುಡುಕಿಡಿ. ನಾಳೆ ನಾನು ಗಂಟು ತಲೆ ಮೇಲೆ ಹೊತ್ಕೊಂಡು ಹೋಗೋಕಾಗಲ್ಲ."

ಟೀ ಅಂಗಡಿಯ ಬೆಂಚಿನ ಮೇಲೆ ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಕೂತಳು. ಕಾಲು ಚಾಚಿ, ಕಣ್ಣು ಮುಚ್ಚಿ. ಲೋಟಗಳನ್ನು ತಂತಿಯ ಬುಟ್ಟಿಯಲ್ಲಿಟ್ಟುಕೊಂಡು ಹಿಂತಿರುಗುವಾಗ ಶೆಡ್ಡಿನ ಗದ್ದಲ ಟೈರಿನ ಅಂಗಡಿಯವರೆಗೂ ಕೇಳುತ್ತಿತ್ತು. ಟೈರಿನವನು ಬಾಗಿಲಿಗೆ ಬಂದು, "ಏನಕ್ಕಾ, ಹಳೇ ರೇಡಿಯೋ ಮತ್ತೆ ಶುರುವಾಯ್ತಾ?" ಎಂದ. ಅವಳು ಟೀ ತುಳುಕದಂತೆ ಬುಟ್ಟಿ ಹಿಡಿದು ಮುಂದೆ ನಡೆದಳು.

"ಹಚ್ಚಿದವನು ನಾನು ಕಣೋ! ಈ ತೂತಿನ ಬಲಕ್ಕೆ, ಇಲ್ಲಿ."

"ಹಚ್ಚಿದ್ದು ಯಾವ ಕಾಲದಲ್ಲೋ. ನಾನು ನೋಡಿದ್ದು ಇವತ್ತು ಮಧ್ಯಾಹ್ನ. ಇದರ ಪಕ್ಕದ ಹಲ್ಲು. ಇದು."

"ನಿನ್ನ ಕಣ್ಣಿಗೆ ಯಾವಾಗಲೂ ಪಕ್ಕದ್ದೇ ಕಾಣೋದು."

"ನಿನ್ನ ಕಣ್ಣಿಗೆ ಏನಾದ್ರೂ ಕಾಣ್ತಿದೆಯಾ ಮೊದಲು? ಕನ್ನಡಕ ಹಣೆ ಮೇಲಿದೆ."

ಗಂಡ ಕನ್ನಡಕವನ್ನು ಮೂಗಿಗಿಳಿಸಿದ, ಪುಲ್ಲಿಗೆ ಮುಖ ತಾಗಿಸುವಷ್ಟು ಬಾಗಿದ, ಮತ್ತೆ ಹಣೆಗೇರಿಸಿದ. ಹತ್ತಿರದ್ದು ಅವನಿಗೆ ಮಂಜಾಗಿ ಎಷ್ಟೋ ದಿನವಾಗಿತ್ತು. ಅದು ಅತ್ತಿಗೆಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಒಂದೇ ಒಂದು ಹಲ್ಲಿನ ವ್ಯತ್ಯಾಸ. ಅಣ್ಣನದು ಇತ್ತ, ತಮ್ಮನದು ಅತ್ತ. ಟೀ ಕುಡಿದರು, ಕುಡಿಯುತ್ತಲೂ ಅದೇ ಮಾತು. ಅತ್ತಿಗೆ ಲೋಟ ಕೆಳಗಿಟ್ಟಳು.

"ಕಲೆ ಯಾವತ್ತೂ ಪೂರ್ತಿ ಹೋಗಲ್ಲ," ಎಂದಳು.

ಇಬ್ಬರೂ ತಿರುಗಿದರು.

"ಒಗೆದ ಬಟ್ಟೇಲಿ ಕಲೆ ಇಲ್ಲ ಅನ್ಸತ್ತೆ. ಒಣಗಿದ ಮೇಲೆ ಬೆಳಕಿಗೆ ಓರೆ ಹಿಡಿದ್ರೆ ಅದಿದ್ದ ಜಾಗ ಬೇರೆ ಥರ ಕಾಣತ್ತೆ. ಅಷ್ಟು ದಿನ ಬಣ್ಣದ ಕೆಳಗಿದ್ದ ಕಬ್ಬಿಣ ಗಾಳಿ ಕಂಡಿಲ್ಲ, ಎಣ್ಣೆ ಕಂಡಿಲ್ಲ. ಆ ದೀಪ ಕೊಡಿ ಇಲ್ಲಿ. ಎದುರಿಗಲ್ಲ, ಪಕ್ಕದಿಂದ."

ಮೈದುನ ಕೈದೀಪ ಕೊಟ್ಟ. ಅವಳು ಒಣ ಬಟ್ಟೆಯಿಂದ ಪುಲ್ಲಿಯನ್ನು ಹಗುರಾಗಿ ತಟ್ಟಿ, ದೀಪವನ್ನು ಲೋಹದ ಮೈಗೆ ಸವರುವ ಹಾಗೆ ಅಡ್ಡ ಹಿಡಿದು ಬಗ್ಗಿದಳು. ಮೊದಲು ಗಂಡ ತೋರಿಸಿದ ಹಲ್ಲಿನ ಬುಡ ನೋಡಿದಳು. ಮಾಸಿದ ಬೂದು, ಬೇರೇನೂ ಇಲ್ಲ. ದೀಪ ಸ್ವಲ್ಪ ಸರಿಸಿದಳು. ಪಕ್ಕದ ಹಲ್ಲಿನ ಕೆಳಗೆ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ, ಲೋಹ ಎಳೆಯದಾಗಿ ಹೊಳೆಯಿತು. ಅಂಚು ಕೂಡ ಇತ್ತು: ಕುಂಚ ಊರಿ ಎತ್ತಿದ ಕಡೆ ದುಂಡಗೆ, ಎಳೆದ ಕಡೆ ಚೂಪು. ದೀಪ ತೆಗೆದಳು, ಮತ್ತೆ ಹಿಡಿದಳು. ಅಲ್ಲೇ ಇತ್ತು. ತಮ್ಮ ಹೇಳಿದ ಜಾಗ.

ತಲೆ ಎತ್ತಿದಾಗ ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ನಿದ್ದೆಗೆಟ್ಟ, ಕೆಂಪಾದ ಕಣ್ಣು. ಆ ಮುಖಕ್ಕೆ ಏನು ಬೇಕಾಗಿದೆ ಎಂದು ಅವಳಿಗೆ ತಿಳಿಯಿತು. ತನ್ನದಾಗಿದ್ದ ಶೆಡ್ಡಿನಲ್ಲಿ, ತನ್ನ ಕೈಯಾರೆ ಹಚ್ಚಿದ ಗುರುತು ಎಲ್ಲಿತ್ತೆಂದು ತನಗೇ ಮರೆತಿದೆ ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಅವಳ ನಾಲಿಗೆ ಅಭ್ಯಾಸಬಲದಿಂದ ಮಾತಿನ ಕೊಳೆ ತೆಗೆಯಲು ಹೊರಟಿತು. ಇಬ್ಬರದೂ ಹತ್ತಿರಹತ್ತಿರ ಇದೆ ಅನ್ನಬಹುದು. ಸರಿಯಾಗಿ ಕಾಣುತ್ತಿಲ್ಲ ಅನ್ನಬಹುದು. ಇಷ್ಟು ವರ್ಷ ಮಾಡಿದ್ದು ಅದನ್ನೇ. ಆದರೆ ಈ ಮಾತನ್ನು ಒಗೆದುಕೊಟ್ಟರೆ ಆಮೆ ನಾಳೆ ದಿಬ್ಬ ಹತ್ತುವುದಿಲ್ಲ.

"ಅವನು ಹೇಳಿದ ಕಡೆ ಇದೆ," ಎಂದಳು.

"ಸರಿಯಾಗಿ ನೋಡು."

"ನೋಡೇ ಹೇಳ್ತಿದೀನಿ."

ಗಂಡ ದೀಪ ಇಸಿದುಕೊಂಡ. ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ, ದೂರ ನಿಂತು ನೋಡಿದ. "ನಂಗೇನೂ ಕಾಣ್ತಿಲ್ಲ."

"ನಂಗೆ ಕಾಣ್ತಿದೆ ರೀ. ನಿಮ್ಮನ್ನ ಮೆಚ್ಚಿಸೋಕೆ ಹೇಳೋದಾಗಿದ್ರೆ ನೀವು ಹೇಳಿದ ಕಡೇನೇ ತೋರಿಸ್ತಿದ್ದೆ."

ಮೈದುನ ಗೆದ್ದವನಂತೆ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನ ಕಡೆ ಒಂದು ನೋಟ ಬೀರಿದಳು. ಬಾಯಿ ಮುಚ್ಚಿಕೊಂಡಿತು.

ಗಂಡ ದೀಪವನ್ನು ಪುಲ್ಲಿಯ ಕಡೆಗೆ ತಿರುಗಿಸಿ ಹಿಡಿದ. ಆಮೇಲೆ ತಮ್ಮನ ಕಡೆಗೆ, ನೇರವಾಗಿ ಅವನಿಗೇ, "ಹಾಕು ಬೆಲ್ಟು" ಎಂದ.

ಮೈದುನ ಮೊದಲು ಆ ಹೊಳಪಿನ ಜಾಗವನ್ನು ಅತ್ತಿಗೆಯಿಂದಲೇ ಬೆರಳಿಟ್ಟು ತೋರಿಸಿಕೊಂಡು ಬಿಳಿ ಬಣ್ಣದ ಗೀಟು ಎಳೆದ. "ಇದನ್ನ ಒರೆಸಿದ್ರೆ ನೋಡಿ ಮತ್ತೆ" ಎಂದ. ಪುಲ್ಲಿ ತಿರುಗಿಸಿ ಗೀಟನ್ನು ಇಂಜಿನ್ನಿನ ಗೀರಿನ ಎದುರಿಗೆ ತಂದ, ಕೆಳಗಿನ ಕ್ರ್ಯಾಂಕನ್ನು ಅದರ ಗುರುತಿಗೆ ತಂದ. ಟೆನ್ಷನರ್ ಕೂರಿಸಿ, ಹೊಸ ಬೆಲ್ಟನ್ನು ಕೆಳಗಿನಿಂದ ಮೇಲಕ್ಕೆ, ಸಡಿಲ ಬಿಡದೆ ಹಲ್ಲಿಗೆ ಹಲ್ಲು ಕೂಡಿಸುತ್ತ ಏರಿಸಿದ. ಅಣ್ಣ ದೀಪ ಹಿಡಿದಿದ್ದ. ತೂಕಡಿಕೆಗೆ ದೀಪ ಆಗಾಗ ನೆಲದ ಕಡೆಗೆ ಇಳಿಯುತ್ತಿತ್ತು.

"ಅಣ್ಣಾ, ದೀಪ ಮೇಲೆ. ನನ್ನ ಕಾಲಿಗೆ ಬೆಲ್ಟ್ ಹಾಕ್ತಿಲ್ಲ."

"ಹೂಂ ಹೂಂ."

ಅಣ್ಣಾ ಎಂದದ್ದನ್ನು ಅತ್ತಿಗೆ ಕೇಳಿದಳು. ಕೇಳಿಸಲಿಲ್ಲ ಎನ್ನುವ ಹಾಗೆ ಬಟ್ಟೆ ಮಡಚುತ್ತಿದ್ದಳು.

ಟೆನ್ಷನರಿನ ಬೋಲ್ಟ್ ಬಿಗಿದ ಮೇಲೆ ಮೈದುನ ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಬಿಳಿ ಗೀಟು ಸುತ್ತಿ ಬಂದು ಗೀರಿನ ಎದುರಿಗೇ ನಿಂತಿತು. ಅವನು ಸ್ಪ್ಯಾನರನ್ನು ಕಾರಿನ ಮೈಮೇಲೆ ಇಟ್ಟು, "ಕೈ ತೊಳ್ಕೊಂಡು ಬರ್ತೀನಿ, ಆಮೇಲೆ ಮುಚ್ಚಳ ಹಾಕೋಣ" ಎಂದು ಹಿತ್ತಲ ನಲ್ಲಿಗೆ ಹೋದ. ನೀರಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಕೈ ತೊಳೆಯುವುದಕ್ಕೆ ಅಷ್ಟು ಹೊತ್ತು ಬೇಡ.

ಸ್ಪ್ಯಾನರ್ ಅಣ್ಣನ ಕೈಗೆ ಎಟಕುವಲ್ಲೇ ಇತ್ತು. ಬೋಲ್ಟ್ ಕಣ್ಣೆದುರಿಗೆ ಇತ್ತು. ಅವನು ಸ್ಪ್ಯಾನರ್ ಎತ್ತಿಕೊಂಡ. ಅದರ ಹಿಡಿಯ ಮೇಲೆ ಹೆಬ್ಬೆರಳು ಹಿಂದೆ ಮುಂದೆ ಆಡಿಸಿದ. ಅತ್ತಿಗೆಗೆ ಬೇಡ ರೀ ಎನ್ನಬೇಕೆನಿಸಿತು. ಆದರೆ ಇವತ್ತಿನ ಮಾತೆಲ್ಲ ಮುಗಿದುಹೋಗಿತ್ತು. ಮಾಡುವುದಿದ್ದರೆ ಮಾಡಲಿ, ನನ್ನ ಕೈಲಾಗದು ಎಂದು ಬುಟ್ಟಿಯ ಮೇಲೆ ಕೂತೇ ನೋಡಿದಳು.

ಅವನು ಬೋಲ್ಟಿನ ಕಡೆ ಬಗ್ಗಲಿಲ್ಲ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿ, ಸಲಕರಣೆಗಳ ತಟ್ಟೆಯ ಹತ್ತಿರ ಹೋಗಿ, ದೊಡ್ಡದಕ್ಕೂ ಚಿಕ್ಕದಕ್ಕೂ ನಡುವೆ ಅದರ ಜಾಗ ಹುಡುಕಿ ಮಲಗಿಸಿದ. ಆಮೇಲೆ ಕಾರಿನ ಬಾಗಿಲು ತೆರೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ. ತಲೆ ಹಿಂದಕ್ಕೆ ಒರಗಿತು. ಬಾಯಿ ಸ್ವಲ್ಪ ತೆರೆದುಕೊಂಡಿತು.

ಮೈದುನ ಒದ್ದೆ ಕೈ ಜಾಡಿಸುತ್ತ ಬಂದ. ಸ್ಪ್ಯಾನರ್ ಇಟ್ಟಲ್ಲಿರಲಿಲ್ಲ. ಅವನ ಮುಖ ಬಿಗಿಯಿತು.

"ಬಿಚ್ಚಿದ್ನಾ?"

"ಇಲ್ಲ."

"ನಿಜ ಹೇಳಿ ಅತ್ತಿಗೆ. ಒಗೆದು ಹೇಳ್ಬೇಡಿ."

"ಒಗೆಯೋಕೆ ಶಕ್ತಿ ಎಲ್ಲಿದೆ ಮಾರಾಯ? ಇಲ್ಲ ಅಂದ್ರೆ ಇಲ್ಲ. ತಟ್ಟೇಲಿ ನೋಡು."

ಅವನು ತಟ್ಟೆ ನೋಡಿದ. ಕಾರಿನ ಕಿಟಕಿಯಲ್ಲಿ ಇಣುಕಿದ. ಗೊರಕೆ ಶುರುವಾಗಿತ್ತು. ಮುಚ್ಚಳ ಹಾಕಿ, ಚಕ್ರ ಬಿಗಿದು, ಜ್ಯಾಕ್ ಇಳಿಸಿದ. ಆಮೆ ಮೈ ಅಲುಗಿಸಿ ನೆಲಕ್ಕೆ ಕೂತಿತು. ಒಳಗಿದ್ದವನು ಅಲುಗಲಿಲ್ಲ.

"ನೀವೇ ಸ್ಟಾರ್ಟ್ ಮಾಡಿ" ಎಂದ.

ಅವಳು ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಒಂದು ಕೆಮ್ಮು, ಇನ್ನೊಂದು ಕೆಮ್ಮು. ಮೂರನೆಯದಕ್ಕೆ ಇಂಜಿನ್ ಹಿಡಿದುಕೊಂಡಿತು. ಸ್ವಲ್ಪ ತಡವರಿಸಿ ಆಮೇಲೆ ಒಂದೇ ಸಮನೆ, ಹೊಲಿಗೆ ಯಂತ್ರದ ಹಾಗೆ ನಡೆಯಿತು. ಮೈದುನ ತಲೆ ವಾಲಿಸಿ ಕೇಳಿದ, ಬಾನೆಟ್ ಮುಚ್ಚಿದ.

"ಇಂಜಿನ್ ಸದ್ದು ಕೇಳದೆ ಮಲಗೋ ಜನ ಅಲ್ಲ ಇವನು," ಎಂದ ಕಿಟಕಿಗೆ ಬಗ್ಗಿ. "ಎಬ್ಬಿಸಿ ಅತ್ತಿಗೆ, ಕೇಳಲಿ."

"ಮಲಗ್ಲಿ ಬಿಡು. ಆಮೇಲೆ ಕಾವಲಿಗೆ ಹೋಗ್ಬೇಕು."

ಅವಳು ಕಾರನ್ನು ಶೆಡ್ಡಿನಿಂದ ಹೊರಗೆ ತಂದಳು. ಅವನು ಶೆಡ್ಡಿನ ಬಾಗಿಲು ಎಳೆದು ಬೀಗ ಹಾಕಿ ಬಂದು, ಕಾರಿನ ಹಿಂದಿನ ಬಾಗಿಲು ತೆರೆದು, ಸೀಟಿಲ್ಲದ ಕಡೆ ತಗಡಿನ ಮೇಲೆಯೇ ಮಂಡಿ ಮಡಚಿ ಕೂತ.

"ದಿಬ್ಬ ಹತ್ತುತ್ತಾ ನೋಡ್ಬೇಕಲ್ಲ," ಎಂದ. "ಗಂಟು ಎತ್ತಿ ಹಾಕೋಕೂ ಜನ ಬೇಕು. ಇವನು ಎದ್ದುಬಿಟ್ರೆ ಮಾತ್ರ ಮೊದಲೇ ಹೇಳಿ, ಇಳ್ಕೊಂಡ್ಬಿಡ್ತೀನಿ."

"ಆಯ್ತು."

ಸಂಜೆಯ ಬೀದಿಯಲ್ಲಿ ಆಮೆ ಮೆಲ್ಲಗೆ ಹೊರಟಿತು. ಮನೆಯ ದಾರಿಯ ದಿಬ್ಬದಲ್ಲಿ ಅವಳು ಗೇರು ಇಳಿಸಿ, ಕಾಲು ಒತ್ತಿ, ಕಿವಿಯನ್ನೆಲ್ಲ ಇಂಜಿನ್ನಿಗೆ ಕೊಟ್ಟಳು. ಅದು ಏದುಸಿರು ಬಿಡಲಿಲ್ಲ. ಹತ್ತಿತು. ತುದಿ ಮುಟ್ಟಿದ ಮೇಲೆ ಗೇರು ಏರಿಸಿದಳು. ಪಕ್ಕದಲ್ಲಿ ಗಂಡನ ಗೊರಕೆ ಇಂಜಿನ್ನಿನ ಜೊತೆ ಪೈಪೋಟಿಗೆ ಬಿದ್ದಿತ್ತು. ಅವಳಿಗೆ ಆಕಳಿಕೆ ಬಂತು. ಕನ್ನಡಿಯಲ್ಲಿ ನೋಡಿದರೆ, ಹಿಂದೆ ಮಂಡಿಯ ಮೇಲೆ ಗಲ್ಲ ಊರಿ ಕೂತವನೂ ಆಕಳಿಸುತ್ತಿದ್ದ.